ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಸಿಗುತ್ತದಾ? ಆಲೆಮನೆಯಲ್ಲಿ ನಿಂತು ನೋಡೋಣ

ಗೌಡರು ಬಂದಾಗ ಕೈಯಲ್ಲಿ ಫೈಲ್ ಇರಲಿಲ್ಲ, ಸ್ಟೀಲ್ ಡಬ್ಬಿ ಇತ್ತು. ಮದ್ದೂರಿನ ಕಡೆ ಅವರದೊಂದು ಆಲೆಮನೆ. ಡಬ್ಬಿ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಒಳಗೆ ಬೆಲ್ಲದ ಪುಡಿ.

"ತಿಂದ್ ನೋಡಿ ಮೇಡಮ್ಮೋರೆ, ಆಮೇಲೆ ಮಾತಾಡನ. ಮಳೆಗಾಲದಲ್ಲೂ ಗಂಟು ಕಟ್ಟಕಿಲ್ಲ. ಇದ್ಕೆ ಪೇಟೆಂಟ್ ಮಾಡ್ಸಬೇಕು."

ತಿಂದೆ. ಚೆನ್ನಾಗಿತ್ತು. ಬಣ್ಣ ತಿಳಿಯಾಗಲಿ ಅಂತ ಹಾಕುವ ಹೈಡ್ರೋಸ್ ಎಂಬ ರಾಸಾಯನಿಕ ಇಲ್ಲದ ಕಂದು ಬಣ್ಣ, ನಾಲಿಗೆ ಮೇಲೆ ಸಣ್ಣ ಮರಳಿನ ಹಾಗೆ. "ಹೇಗೆ ಮಾಡಿದ್ರಿ?" ಅಂದೆ. "ಎಲ್ರೂ ಮಾಡ್ದಂಗೇಯ" ಅಂದರು.

ಈ ಒಂದು ಮಾತನ್ನು ಅರ್ಜಿಯಲ್ಲಿ ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೆಮಿಸ್ಟ್ರಿ ಓದಿ, ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್ ಆದವಳು. ತಯಾರಿಕೆಯ ವಿಧಾನ ಹಿಡಿದುಕೊಂಡು ಬರುವ ಹತ್ತರಲ್ಲಿ ಎಂಟು ಜನ ಹೀಗೆ ಡಬ್ಬಿ ತೆರೆದೇ ಮಾತು ಶುರು ಮಾಡುತ್ತಾರೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಬೆಲ್ಲ ತಿನ್ನುವುದಿಲ್ಲ. ಅವರು ಓದುವುದು ಕ್ಲೇಮ್, ಅಂದರೆ ನಿಮಗೆ ಯಾವುದರ ಮೇಲೆ ಹಕ್ಕು ಬೇಕು ಎಂದು ಬರೆದ ಆ ಒಂದು ವಾಕ್ಯ. ವಿಧಾನದ ಕ್ಲೇಮ್‌ನಲ್ಲಿ ಅವರಿಗೆ ಕಾಣುವುದು ಹಂತಗಳು ಮಾತ್ರ. ಆ ಕಣ್ಣಿನಿಂದ ನಿಮ್ಮ ಕೆಲಸವನ್ನು ನೀವೇ ಮೊದಲು ನೋಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕಾನೂನು ಭಾರತದ್ದು, ಉದಾಹರಣೆ ಗೌಡರದ್ದು. ಅವರ ಗುಟ್ಟು ಅವರದೇ ಆದ್ದರಿಂದ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಮೊದಲು ನೋಟ್‌ಬುಕ್ ತೆಗೆಯಿರಿ

ಕಬ್ಬು ಗಾಣಕ್ಕೆ ಹೋಗುವಲ್ಲಿಂದ ಪ್ಯಾಕೆಟ್ ಸೀಲ್ ಆಗುವ ತನಕ ಏನೇನು ಮಾಡುತ್ತೀರೋ ಎಲ್ಲ ಬರೆಯಿರಿ. "ಅದೇನು ಎಲ್ಲರಿಗೂ ಗೊತ್ತಲ್ಲ" ಅಂತ ಒಂದನ್ನೂ ಬಿಡಬೇಡಿ. ಗೌಡರ ಜೊತೆ ಇದಕ್ಕೆ ಮೂರು ಗಂಟೆ ಹಿಡಿಯಿತು. ಕಬ್ಬಿನ ಹಾಲು ಸೋಸುವುದು. ಸುಣ್ಣದ ತಿಳಿ ಹಾಕುವುದು. ಬೆಂಡೆ ಗಿಡದ ಲೋಳೆ ಹಾಕುವುದು. ಕಾಯುವಾಗ ಮೇಲೆ ಬಂದ ಮಡ್ಡಿ ತೆಗೆಯುವುದು. ತಣ್ಣೀರಿಗೆ ಹನಿ ಬಿಟ್ಟು ಪಾಕ ನೋಡುವುದು. ಕೊಪ್ಪರಿಗೆ ಇಳಿಸಿ ತೊಟ್ಟಿಗೆ ಸುರಿದು ಮೋಟಾರಿನಲ್ಲಿ ತಿರುವುವುದು. ಪುಡಿಯಾದ ಮೇಲೆ ಜರಡಿ ಹಿಡಿದು ಒಣಗಿಸುವುದು.

ನಾನು ಬರೆಯುತ್ತಾ ಇದ್ದೆ. ತಿರುವುವ ಹಂತಕ್ಕೆ ಬಂದಾಗ ಅವರು ಮಾತಿನ ನಡುವೆ ಹೇಳಿದರು, "ಅಲ್ಲೊಂದ್ ಇಪ್ಪತ್ ನಿಮ್ಸ ಸುಮ್ಕೆ ಬಿಟ್ಬುಡ್ತೀನಿ."

ಪೆನ್ ಕೆಳಗಿಟ್ಟೆ. ಯಾಕೆ ಬಿಡುತ್ತೀರಿ? "ಒಂದ್ಸಲ ಕರೆಂಟ್ ಹೋಯ್ತು. ಮೋಟಾರ್ ನಿಂತೋಯ್ತು. ಕಲ್ಲಾಗೋಯ್ತದೆ, ಹೋಯ್ತು ಇವತ್ತಿನ ಪಾಕ ಅಂದ್ಕಂಡೆ. ಆಗ್ಲಿಲ್ಲ. ಕರೆಂಟ್ ಬಂದ್ಮೇಲೆ ತಿರುವ್ದೆ. ಆ ಪುಡಿ ಗಂಟೇ ಕಟ್ಲಿಲ್ಲ." ಅವತ್ತಿನಿಂದ ಬೇಕೆಂದೇ ನಿಲ್ಲಿಸುತ್ತಿದ್ದಾರೆ. ಆಕಸ್ಮಿಕವಾಗಿ ಸಿಕ್ಕಿದ್ದು ಅಂತ ನಾಚಿಕೊಳ್ಳಬೇಕಾಗಿಲ್ಲ. ಹೇಗೆ ಹೊಳೆಯಿತು ಅಂತ ಕಾನೂನು ಕೇಳುವುದೇ ಇಲ್ಲ.

"ನಿಲ್ಲಿಸುವಾಗ ಎಷ್ಟು ಬಿಸಿ ಇರುತ್ತೆ?" ಅಂದೆ. "ಕೈ ಇಟ್ರೆ ಸುಡೋವಷ್ಟು." ಥರ್ಮಾಮೀಟರ್ ತಗೊಳ್ಳಿ ಅಂತ ಹೇಳಿ ಕಳಿಸಿದೆ. ವಾರದ ನಂತರ ಫೋನ್ ಬಂತು: 80ರಿಂದ 85 ಡಿಗ್ರಿ.

ಹೊಸದು ಅಂದರೆ ಎಷ್ಟು ಹೊಸದು

1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆ) ಮೂರು ವಿಷಯ ಕೇಳುತ್ತದೆ. ವಿಧಾನ ಹೊಸದಾಗಿರಬೇಕು, ಅದರಲ್ಲಿ ಆವಿಷ್ಕಾರದ ಹೆಜ್ಜೆ ಇರಬೇಕು, ಉದ್ಯಮದಲ್ಲಿ ಬಳಸಲು ಬರಬೇಕು. ಮೂರನೆಯದು ಆಲೆಮನೆಗೆ ಸಮಸ್ಯೆಯೇ ಅಲ್ಲ, ಬಿಡಿ.

ಹೊಸತನದ ಲೆಕ್ಕ ಸರಳ. ನಿಮ್ಮ ಕ್ಲೇಮ್‌ನ ಎಲ್ಲ ಹಂತಗಳೂ ಹಳೆಯ ಯಾವುದಾದರೂ ಒಂದೇ ದಾಖಲೆಯಲ್ಲಿ ಸಿಕ್ಕರೆ ಹೊಸತನ ಹೋಯಿತು. ಎರಡು ಕಡೆಯಿಂದ ಹೆಕ್ಕಿ ಜೋಡಿಸಿ "ಹೊಸದಲ್ಲ" ಅನ್ನುವ ಹಾಗಿಲ್ಲ. ಆ ಜೋಡಣೆಯ ಆಟ ಮುಂದಿನ ಪರೀಕ್ಷೆಯಲ್ಲಿ ಬರುತ್ತದೆ. ಹುಡುಕಲು ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಇವೆ, ಎಲ್ಲ ಪುಕ್ಕಟೆ. ಬೆಲ್ಲದ ವಿಷಯಕ್ಕೆ ಅಷ್ಟೇ ಸಾಲದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ, ಲಖನೌದ ಕಬ್ಬು ಸಂಶೋಧನಾ ಸಂಸ್ಥೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಇಂಥ ಕಡೆಯ ಪ್ರಕಟಣೆಗಳನ್ನೂ ನೋಡಬೇಕು. ನೋಡಿದೆ. ಗೌಡರ ಪಟ್ಟಿಯಲ್ಲಿದ್ದದ್ದೆಲ್ಲ ಎಲ್ಲೋ ಒಂದು ಕಡೆ ಅಚ್ಚಾಗಿತ್ತು. ಆ ಇಪ್ಪತ್ತು ನಿಮಿಷ ಮಾತ್ರ ಎಲ್ಲೂ ಇರಲಿಲ್ಲ.

ಹೊಸತನವನ್ನು ಜಾಸ್ತಿ ಹಾಳು ಮಾಡುವವರು ಅರ್ಜಿದಾರರೇ. ಮಲೆನಾಡಿನ ಒಬ್ಬರು ಅಡಿಕೆ ಬೇಯಿಸುವ ಒಳ್ಳೇ ವಿಧಾನ ತಂದಿದ್ದರು. ಎಂಟು ತಿಂಗಳ ಹಿಂದೆಯೇ ಅದರ ವಿಡಿಯೋ ಯೂಟ್ಯೂಬಿಗೆ ಹಾಕಿ, ಕೆಳಗೆ ಬಂದ ಪ್ರಶ್ನೆಗಳಿಗೆಲ್ಲ ಪ್ರೀತಿಯಿಂದ ಉತ್ತರ ಕೊಟ್ಟಿದ್ದರು. ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಸೆಕ್ಷನ್ 31ರಲ್ಲಿ 12 ತಿಂಗಳ ಮಾಫಿ ಇದೆ ನಿಜ. ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ನಮ್ಮೂರ ಕೃಷಿ ಮೇಳದ ಸ್ಟಾಲ್ ಅದರಲ್ಲಿ ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ವಿಧಾನಕ್ಕೇ ಮೀಸಲಾದ ಇನ್ನೊಂದು ಗುಂಡಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಸೆಕ್ಷನ್ 25ರ ವಿವರಣೆಯ ಪ್ರಕಾರ, ಆ ವಿಧಾನದಿಂದ ಮಾಡಿದ ವಸ್ತು ನಿಮ್ಮ ಅರ್ಜಿಗೆ ಮೊದಲೇ ಭಾರತಕ್ಕೆ ಆಮದಾಗಿದ್ದರೆ, ವಿಧಾನವೇ ಇಲ್ಲಿ ಬಳಕೆಯಲ್ಲಿತ್ತು ಎಂದು ಪರಿಗಣಿಸುತ್ತಾರೆ. ಬರೀ ಪ್ರಯೋಗಕ್ಕೆ ತರಿಸಿದ್ದರೆ ಬೇರೆ ಮಾತು. ಇನ್ನು ಅರ್ಜಿಗೆ ಮುಂಚೆ ನೀವೇ ಗುಟ್ಟಾಗಿ ಮಾಡಿ ವ್ಯಾಪಾರ ನಡೆಸಿದ್ದರೆ, ಸೆಕ್ಷನ್ 64ರಲ್ಲಿ ಅದೂ ಪೇಟೆಂಟ್ ರದ್ದಿಗೆ ಒಂದು ಕಾರಣ. ಅದಕ್ಕೇ ಗೌಡರನ್ನು ಕೇಳಿದೆ, ಪುಡಿ ಮಾರಿದ್ದೀರಾ? "ಇಲ್ಲ, ನೆಂಟ್ರಿಗ್ ಕೊಟ್ಟಿವ್ನಿ." ಹೇಗೆ ಮಾಡೋದು ಅಂತ ಹೇಳಿದ್ದೀರಾ? "ಅವ್ರಿಗ್ಯಾಕೆ?" ಥರ್ಮಾಮೀಟರಿನ ಅಂಕಿ ಬಂದ ದಿನವೇ ಪ್ರಾವಿಷನಲ್ ಅರ್ಜಿ, ಅಂದರೆ ತಾತ್ಕಾಲಿಕ ಅರ್ಜಿ, ಹಾಕಿಬಿಟ್ಟೆ. ಅದಾದ ಮೇಲೆ ಪೂರ್ತಿ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತದೆ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್‌ನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಬರೆಯಬೇಕಾದ್ದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡದಲ್ಲಿ ತಗೊಳ್ಳುವುದಿಲ್ಲ, ಈ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ.

ಮಿರ್ಜಾಪುರದ ತಟ್ಟೆಗಳು

ಅರ್ಜಿಗಳು ಜಾಸ್ತಿ ಬೀಳುವುದು ಆವಿಷ್ಕಾರದ ಹೆಜ್ಜೆಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ನಾನು ಎಲ್ಲರಿಗೂ ಹೇಳುವುದು ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ಕೇಸು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಒಂದು ಕಡೆ, ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಇನ್ನೊಂದು ಕಡೆ. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1978ರ ಡಿಸೆಂಬರ್‌ನಲ್ಲಿ.

ಅಲ್ಲಿ ಹಿತ್ತಾಳೆ ತಟ್ಟೆಗಳನ್ನು ಲೇತ್ ಎಂಬ ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಕೆರೆದು ಪಾಲಿಶ್ ಮಾಡುತ್ತಿದ್ದರು. ತಟ್ಟೆಯನ್ನು ಹಿಡಿದಿಡುತ್ತಿದ್ದುದು ಒಂದೇ ಕಡೆಯಿಂದ. ಬಿಸಿಗೆ ಕರಗುವ ಅಂಟಿನಿಂದ ಅಂಟಿಸುತ್ತಿದ್ದರು, ಇಲ್ಲವೇ ಚಕ್ ಎಂಬ ಹಿಡಿಕೆಯ ದವಡೆಯಲ್ಲಿ ಕಚ್ಚಿಸುತ್ತಿದ್ದರು. ತಿರುಗುವಾಗ ತಟ್ಟೆ ಕಿತ್ತುಕೊಂಡು ಹಾರುತ್ತಿತ್ತು. ಕೆಲಸಗಾರರಿಗೆ ಅಪಾಯ. ಹೊಸ ವಿಧಾನದಲ್ಲಿ ಇನ್ನೊಂದು ಕಡೆಯಿಂದಲೂ ಒತ್ತಿ ಹಿಡಿಯುವ ವ್ಯವಸ್ಥೆ ಬಂತು. ಅಪಾಯ ಕಡಿಮೆಯಾಯಿತು, ಕೆಲಸ ಬೇಗ ಆಯಿತು, ಖರ್ಚೂ ಇಳಿಯಿತು. ಪೇಟೆಂಟೂ ಸಿಕ್ಕಿತು.

ಆದರೂ ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಹಿಂದಿನಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ಲೇತ್ ಕೆಲಸದವರಿಗೆ ದಶಕಗಳಿಂದ ಗೊತ್ತಿದ್ದದ್ದು. ಗೊತ್ತಿದ್ದದ್ದನ್ನು ತಟ್ಟೆಗೆ ಹಚ್ಚಿದ್ದೀರಿ, ಇದು ವರ್ಕ್‌ಶಾಪ್‌ನಲ್ಲಿ ಆಗುವ ಸುಧಾರಣೆ, ಒಬ್ಬ ನುರಿತ ಕಸುಬುದಾರನ ಕೈಗೆ ಎಟುಕುವಂಥದ್ದೇ ಎಂದಿತು ಕೋರ್ಟು. ವಿಧಾನ ಉಪಯುಕ್ತ, ಸುರಕ್ಷಿತ, ಅಗ್ಗ. ಮೂರೂ ಇದ್ದು ಪೇಟೆಂಟ್ ಹೋಯಿತು. ನನಗೆ ಈ ತೀರ್ಪು ಮೊದಮೊದಲು ನಿಷ್ಠುರ ಅನ್ನಿಸುತ್ತಿತ್ತು. ಈಗ ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ಪ್ರತಿ ಗ್ಯಾರೇಜಿನವನೂ ಪಕ್ಕದ ಗ್ಯಾರೇಜಿನವನ ಮೇಲೆ ಕೇಸು ಹಾಕಿಕೊಂಡು ಕೂರುತ್ತಿದ್ದ.

ಈಗಿನ ಕಾಯ್ದೆಯ ಸೆಕ್ಷನ್ 2(1)(ಜೆಎ) ಹೇಳುವುದೂ ಇದೇ ದಾರಿಯದ್ದು. ಈಗಿರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಅದರ ಮೇಲೆ, ಆ ಕಸುಬು ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದ್ದಾಗಿರಬಾರದು. ಕೊನೆಯ ಷರತ್ತು ತಪ್ಪಿಸಿಕೊಳ್ಳುವಂತಿಲ್ಲ. "ನನ್ನ ವಿಧಾನದಲ್ಲಿ ಸೌದೆ ಅರ್ಧ ಉಳಿಯುತ್ತೆ" ಅನ್ನುವುದು ಮೊದಲ ಭಾಗಕ್ಕೆ ಮಾತ್ರ ಉತ್ತರ.

ಹಾಗಾದರೆ ಆ ಕೊನೆಯದಕ್ಕೆ ಏನು ಕೊಡಬೇಕು? ನಾನು ಮಾಡಿಸುವ ಕೆಲಸ ಇದು. ನಿಮ್ಮ ಕಸುಬಿನ ಹತ್ತು ಜನರನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಹಂತದ ಬಗ್ಗೆ ಕೇಳಿದರೆ ಏನಂತಾರೆ? "ಹೌದು, ಅದೂ ಒಂದು ಮಾಡಿ ನೋಡಬಹುದು" ಅಂದರೆ ನೀವು ಕಷ್ಟದಲ್ಲಿದ್ದೀರಿ. "ತಲೆ ಕೆಟ್ಟಿದೆಯಾ, ಹಾಗೆ ಮಾಡಿದರೆ ಹಾಳಾಗುತ್ತೆ" ಅಂದರೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ, ಮಾತಾಡೋಣ. ಪುಡಿ ಬೆಲ್ಲ ಮಾಡುವವರೆಲ್ಲ ಹೇಳುವುದು, ತಿರುವುವುದನ್ನು ನಿಲ್ಲಿಸಬೇಡಿ ಅಂತ. ಅಚ್ಚಾದ ಪ್ರಬಂಧದಲ್ಲೂ ಹಾಗೇ ಇತ್ತು. ಗೌಡರು ಮಾಡಿದ್ದು ಅದಕ್ಕೆ ಉಲ್ಟಾ. ಲೋಕವೆಲ್ಲ ಬೇಡ ಅಂದ ಕಡೆಗೆ ಹೋಗಿ ಲಾಭ ಕಂಡಿದ್ದಾರೆ ಅನ್ನುವುದಕ್ಕಿಂತ ಒಳ್ಳೆಯ ವಾದ ಈ ವಿಷಯದಲ್ಲಿ ಸಿಗುವುದಿಲ್ಲ.

ಅಂಕಿಯೊಂದನ್ನೇ ಬದಲಿಸಿದವರಿಗೆ ಎಚ್ಚರಿಕೆ. ಎಲ್ಲರೂ 118 ಡಿಗ್ರಿಗೆ ಇಳಿಸುತ್ತಾರೆ, ನಾನು 120ಕ್ಕೆ ಇಳಿಸಿದೆ ಅಂದರೆ ಪರೀಕ್ಷಕರು ಮಾಮೂಲಿ ಪ್ರಯೋಗ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆ ಎರಡು ಡಿಗ್ರಿಯಲ್ಲಿ ಯಾರೂ ನಿರೀಕ್ಷಿಸದ ಏನೋ ಆಗುತ್ತದೆ ಅಂತ ತೋರಿಸಬೇಕು. ತೋರಿಸುವುದು ಅಂದರೆ ಹೋಲಿಕೆ. ಗೌಡರಿಗೆ ಒಂದೇ ಗದ್ದೆಯ ಕಬ್ಬು, ಒಂದೇ ದಿನ, ಎರಡು ಪಾಕ ಮಾಡಲು ಹೇಳಿದೆ. ಒಂದರಲ್ಲಿ ನಿಲ್ಲಿಸುವುದು, ಇನ್ನೊಂದರಲ್ಲಿ ನಿಲ್ಲಿಸದಿರುವುದು. ಆಮೇಲೆ 5, 15, 20, 25, 40 ನಿಮಿಷ ನಿಲ್ಲಿಸಿ ನೋಡುವುದು. ಜುಲೈ ತಿಂಗಳು ತೆರೆದ ತಟ್ಟೆಯಲ್ಲಿ 30 ದಿನ ಇಟ್ಟು, ಪಕ್ಕದ ಊರಿನ ಕಾಲೇಜಿನ ಲ್ಯಾಬಿನಲ್ಲಿ ತೇವ ಅಳೆಸಿದೆವು. 5 ನಿಮಿಷಕ್ಕೆ ಏನೂ ವ್ಯತ್ಯಾಸ ಇಲ್ಲ. 15ರಿಂದ 25ರ ತನಕ ಪುಡಿ ಬಿಡಿಬಿಡಿ. 40ಕ್ಕೆ ಹೋದಾಗ ಏನಾಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ.

ಸೆಕ್ಷನ್ 3 ಎಂಬ ಜರಡಿ

ಹೊಸದಾಗಿದ್ದು, ಹೊಳೆಯದಂಥದ್ದಾಗಿದ್ದರೂ ಕೆಲವನ್ನು ಕಾಯ್ದೆ ಆವಿಷ್ಕಾರ ಅಂತಲೇ ಒಪ್ಪುವುದಿಲ್ಲ. ವಿಧಾನದವರು ಮುಖ್ಯವಾಗಿ ನೋಡಬೇಕಾದ್ದು 3(ಡಿ)ಯ ಕೊನೆಯ ಭಾಗ. ಔಷಧಿ ಕಂಪನಿಗಳ ಜಗಳದಿಂದ ಅದರ ಮೊದಲ ಭಾಗ ಹೆಸರುವಾಸಿ, ಕೊನೆಯದನ್ನು ಯಾರೂ ಓದುವುದಿಲ್ಲ. ಗೊತ್ತಿರುವ ವಿಧಾನವನ್ನು ಸುಮ್ನೆ ಬಳಸಿದರೆ ಪೇಟೆಂಟ್ ಇಲ್ಲ. ಅದರಿಂದ ಹೊಸ ವಸ್ತು ಬರಬೇಕು, ಇಲ್ಲವೇ ಕನಿಷ್ಠ ಒಂದಾದರೂ ಹೊಸ ರಿಯಾಕ್ಟೆಂಟ್, ಅಂದರೆ ಕ್ರಿಯೆಯಲ್ಲಿ ಭಾಗವಹಿಸುವ ಹೊಸ ಪದಾರ್ಥ, ಇರಬೇಕು. ಬೆಲ್ಲದ ಪುಡಿ ಹೊಸ ವಸ್ತು ಅಲ್ಲ, ಗೌಡರು ಹೊಸದಾಗಿ ಏನೂ ಹಾಕಿಲ್ಲ. ಅದಕ್ಕೇ ನಮ್ಮ ವಾದ ಒಂದು ಹೆಜ್ಜೆ ಹಿಂದಿನಿಂದ ಶುರುವಾಯಿತು: ಈ ವಿಧಾನವೇ ಗೊತ್ತಿರುವ ವಿಧಾನ ಅಲ್ಲ, ನಡುವೆ ಹೊಸ ಹಂತ ಇದೆ.

3(ಪಿ) ಸಾಂಪ್ರದಾಯಿಕ ಜ್ಞಾನದ್ದು. ಬೆಂಡೆ ಲೋಳೆಯ ಮೇಲೆ ಹಕ್ಕು ಕೇಳಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದೆವು. ಅರಿಶಿನದಿಂದ ಗಾಯ ವಾಸಿ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟು, ನಮ್ಮ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ತಕರಾರು ತೆಗೆದ ಮೇಲೆ 1997ರಲ್ಲಿ ರದ್ದು ಮಾಡಿದ್ದು ನೆನಪಿರಬಹುದು. 3(ಇ) ಬರೀ ಬೆರಕೆಗೆ, ಆ ಬೆರಕೆ ಮಾಡುವ ವಿಧಾನಕ್ಕೂ ಸೇರಿಸಿ. 3(ಎಚ್) ಬೇಸಾಯದ ವಿಧಾನಕ್ಕೆ. ಕಬ್ಬು ಬೆಳೆಯುವ ರೀತಿಗೆ ಪೇಟೆಂಟ್ ಇಲ್ಲ, ಕಡಿದ ಕಬ್ಬಿನಿಂದ ಬೆಲ್ಲ ಮಾಡುವುದಕ್ಕೆ ಆ ಅಡ್ಡಿ ಇಲ್ಲ. 3(ಐ) ಚಿಕಿತ್ಸೆಯ ವಿಧಾನಕ್ಕೆ.

ಕೊನೆಗೆ ಸಿಗುವ ವಸ್ತುವಿನಲ್ಲಿ ಜೀವ ಇದ್ದರೆ ತಯಾರಿಕೆ ಅನ್ನಬಹುದಾ ಅಂತಲೂ ಒಮ್ಮೆ ಜಗಳವಾಗಿತ್ತು. ಕೋಳಿಗಳ ಬರ್ಸೈಟಿಸ್ ಎಂಬ ರೋಗಕ್ಕೆ ಲಸಿಕೆ ಮಾಡುವ ವಿಧಾನಕ್ಕೆ ಡಿಮಿನಾಕೊ ಕಂಪನಿ ಹಾಕಿದ್ದ ಅರ್ಜಿಯನ್ನು ಕಚೇರಿ ತಿರಸ್ಕರಿಸಿತ್ತು. 2002ರಲ್ಲಿ ಕಲ್ಕತ್ತಾ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಮಾರಬಹುದಾದ ವಸ್ತು ಬರುತ್ತಿದ್ದರೆ, ಅದರಲ್ಲಿ ಜೀವಂತ ವೈರಸ್ ಇದೆ ಎಂಬ ಒಂದೇ ಕಾರಣಕ್ಕೆ ವಿಧಾನವನ್ನು ತಳ್ಳಿಹಾಕುವಂತಿಲ್ಲ ಎಂದಿತು. ಇಡ್ಲಿ ಹಿಟ್ಟು, ಮೊಸರು, ಜೈವಿಕ ಗೊಬ್ಬರದವರಿಗೆ ಇದು ಗೊತ್ತಿರಲಿ.

ಕ್ಲೇಮ್ ಬರೆಯುವಾಗ

ನನ್ನ ಹಳೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಬಣ್ಣ ತಯಾರಿಕೆಯ ಅರ್ಜಿಯಲ್ಲಿ "ಸೂಕ್ತ ಉಷ್ಣತೆಯಲ್ಲಿ, ಸೂಕ್ತ ಸಮಯ" ಅಂತ ಬರೆದಿದ್ದೆ. ಹಕ್ಕು ಅಗಲವಾಗಿರಲಿ ಅನ್ನುವ ಆಸೆ. ಪರೀಕ್ಷಕರು ಯಾವುದು ಸೂಕ್ತ ಅಂತ ಕೇಳಿದರು. ಅಂಕಿ ಸೇರಿಸೋಣ ಅಂದರೆ ವಿವರಣೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಪೂರ್ತಿ ಅರ್ಜಿ ಹಾಕಿದ ಮೇಲೆ ಅದರಲ್ಲಿ ಇಲ್ಲದ ವಿಷಯವನ್ನು ತಿದ್ದುಪಡಿಯ ಹೆಸರಲ್ಲಿ ತುರುಕುವಂತಿಲ್ಲ, ಸೆಕ್ಷನ್ 59 ಬಿಡುವುದಿಲ್ಲ. ಅರ್ಜಿ ಹೋಯಿತು. ಅವತ್ತಿನಿಂದ ವಿವರಣೆಯಲ್ಲಿ ಅಗಲವಾದ ವ್ಯಾಪ್ತಿ, ಅದರೊಳಗೆ ಕಿರಿದಾದ ವ್ಯಾಪ್ತಿ, ಅದರೊಳಗೆ ನಿಜವಾಗಿ ಮಾಡಿ ನೋಡಿದ ಅಂಕಿ, ಮೂರನ್ನೂ ಬರೆಯುತ್ತೇನೆ. ಹಿಂದೆ ಸರಿಯಲು ಜಾಗ ಇರುತ್ತದೆ.

ಗೌಡರ ಮುಖ್ಯ ಕ್ಲೇಮ್ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ಬೆಲ್ಲದ ಪುಡಿ ತಯಾರಿಸುವ ವಿಧಾನ. ಇದರಲ್ಲಿ, ತಿಳಿಗೊಳಿಸಿದ ಕಬ್ಬಿನ ಹಾಲನ್ನು 119ರಿಂದ 121 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಪಾಕ ಮಾಡುವುದು, ಪಾಕವನ್ನು ತಿರುವುತ್ತಾ 80ರಿಂದ 85 ಡಿಗ್ರಿಗೆ ತರುವುದು, ಅಲ್ಲಿ 15ರಿಂದ 25 ನಿಮಿಷ ತಿರುವದೆ ಬಿಡುವುದು, ಮತ್ತೆ ತಿರುವಿ ಪುಡಿ ಮಾಡುವುದು, ಒಣಗಿಸುವುದು."

ಸುಣ್ಣ, ಬೆಂಡೆ, ಜರಡಿ ಎಲ್ಲಿ ಹೋದವು ಅಂತ ಗೌಡರು ಕೇಳಿದರು. ಬೇಕೆಂದೇ ಬಿಟ್ಟಿದ್ದು. ಮುಖ್ಯ ಕ್ಲೇಮ್‌ನಲ್ಲಿ ಒಂದು ಹಂತ ಜಾಸ್ತಿ ಬರೆದರೆ, ಆ ಹಂತವೊಂದನ್ನು ಕೈಬಿಟ್ಟು ಉಳಿದದ್ದನ್ನೆಲ್ಲ ನಕಲು ಮಾಡಿದವನು ತಪ್ಪಿಸಿಕೊಳ್ಳುತ್ತಾನೆ. ಅವನ್ನು ಕೆಳಗಿನ ಉಪ ಕ್ಲೇಮ್‌ಗಳಲ್ಲಿ ಹಾಕಿದೆ. ಒಟ್ಟು ಹತ್ತರೊಳಗೆ ಮುಗಿಸಿ, ಹತ್ತು ದಾಟಿದರೆ ಪ್ರತಿಯೊಂದಕ್ಕೂ ಬೇರೆ ಶುಲ್ಕ.

"ಈ ವಿಧಾನದಿಂದ ಮಾಡಿದ ಬೆಲ್ಲದ ಪುಡಿ" ಅಂತ ಪುಡಿಯ ಮೇಲೂ ಕ್ಲೇಮ್ ಹಾಕಿ ಅಂತ ಅವರ ಮಗ ಹಠ ಹಿಡಿದ. ಅದು ನಡೆಯುವುದಿಲ್ಲ. ಹಾಗೆ ಬರೆದ ಕ್ಲೇಮ್‌ನಲ್ಲಿ ವಸ್ತುವೇ ಹೊಸದಾಗಿರಬೇಕು, ಹೊಸ ದಾರಿಯಿಂದ ಬಂದ ಮಾತ್ರಕ್ಕೆ ಹಳೇ ವಸ್ತು ಹೊಸದಾಗದು. ಕಬ್ಬಿಣಾಂಶ ಕೊರತೆಗೆ ಕೊಡುವ ಒಂದು ಇಂಜೆಕ್ಷನ್ ಔಷಧದ ವಿಷಯದಲ್ಲಿ ದೆಹಲಿ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಇಂಥ ಕ್ಲೇಮ್‌ಗಳ ಬಗ್ಗೆ ಉದ್ದನೆಯ ತೀರ್ಪು ಕೊಟ್ಟಿದೆ. ಆಸಕ್ತಿ ಇರುವವರು ಹುಡುಕಿ ಓದಬಹುದು.

ಮಗ ಇನ್ನೊಂದು ಒಳ್ಳೇ ಪ್ರಶ್ನೆ ಕೇಳಿದ. ಪಕ್ಕದ ಆಲೆಮನೆಯವರು ಗುಟ್ಟಾಗಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ನಮಗೆ ಹೇಗೆ ಗೊತ್ತಾಗುತ್ತೆ? ವಿಧಾನದ ಪೇಟೆಂಟಿನ ದೌರ್ಬಲ್ಯ ಇದೇ. 2005ಕ್ಕೆ ಮೊದಲು ನಮ್ಮಲ್ಲಿ ಔಷಧಿಗೆ ವಿಧಾನದ ಪೇಟೆಂಟ್ ಮಾತ್ರ ಇತ್ತು. ಅದೇ ಮಾತ್ರೆಯನ್ನು ಬೇರೆ ದಾರಿಯಲ್ಲಿ ಮಾಡಿಯೇ ನಮ್ಮ ಕಂಪನಿಗಳು ಬೆಳೆದದ್ದು. ಸೆಕ್ಷನ್ 48ರ ಪ್ರಕಾರ ಆ ವಿಧಾನದಿಂದ ನೇರವಾಗಿ ಬಂದ ವಸ್ತುವಿನ ಮಾರಾಟ, ಆಮದನ್ನೂ ತಡೆಯಬಹುದು. ಕೆಲವು ಸಂದರ್ಭದಲ್ಲಿ, ತಾನು ಬೇರೆ ವಿಧಾನ ಬಳಸಿದ್ದೇನೆ ಅಂತ ಎದುರಾಳಿಯೇ ಸಾಬೀತು ಮಾಡುವ ಹಾಗೆ ಕೋರ್ಟು ಹೇಳಬಹುದು, ಅದು ಸೆಕ್ಷನ್ 104ಎ. ಆದರೂ ವಸ್ತು ನೋಡಿ ವಿಧಾನ ಹೇಳಲು ಬರದಿದ್ದರೆ, ಗುಟ್ಟು ನಿಮ್ಮ ಕೈಯಲ್ಲೇ ಉಳಿಯುವಂತಿದ್ದರೆ, ಅರ್ಜಿ ಹಾಕಬೇಡಿ ಅಂತಲೂ ನಾನು ಹೇಳಿದ್ದುಂಟು. ಅರ್ಜಿ 18 ತಿಂಗಳಿಗೆ ಪ್ರಕಟವಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೌಡರಲ್ಲಿ ಕೆಲಸದವರು ಆಲೆಮನೆಯಿಂದ ಆಲೆಮನೆಗೆ ಹೋಗುವವರು. ಗುಟ್ಟು ಉಳಿಯುವ ಹಾಗಿರಲಿಲ್ಲ.

ಚೆನ್ನೈಯಿಂದ ಬಂದ ಪತ್ರ

ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಬೇರೆ ಅರ್ಜಿ ಕೊಟ್ಟು ಕೇಳಬೇಕು. 2024ರ ಮಾರ್ಚ್ 15ರಿಂದ ಬಂದ ನಿಯಮದ ಪ್ರಕಾರ ಅದಕ್ಕೆ ಗಡುವು 31 ತಿಂಗಳು. ಆಮೇಲೆ ಮೊದಲ ಪರೀಕ್ಷಾ ವರದಿ ಬರುತ್ತದೆ. ಉತ್ತರಕ್ಕೆ 6 ತಿಂಗಳು, ಕೇಳಿಕೊಂಡರೆ ಇನ್ನೂ 3. ಪತ್ರದ ತುಂಬಾ ಆಕ್ಷೇಪಣೆ ಇದ್ದರೆ ಗಾಬರಿಯಾಗಬೇಡಿ, ಅದು ಮಾಮೂಲು. ಗೌಡರದ್ದರಲ್ಲಿ ಪರೀಕ್ಷಕರು ಪುಡಿ ಬೆಲ್ಲದ ಒಂದು ಪ್ರಬಂಧ, ಸಕ್ಕರೆ ಹರಳುಗಟ್ಟಿಸುವ ಒಂದು ಹಳೇ ಪೇಟೆಂಟ್, ಎರಡನ್ನು ಜೋಡಿಸಿದ್ದರು. ಸಕ್ಕರೆಯಲ್ಲಿ ಹರಳು ಕೂರಲು ಸಮಯ ಕೊಡುವುದು ಗೊತ್ತಿದ್ದದ್ದೇ, ಅದನ್ನು ಬೆಲ್ಲಕ್ಕೆ ಹಚ್ಚಿದ್ದೀರಿ ಅಂತ. ಅದೇ ಮಿರ್ಜಾಪುರದ ವಾದ. ನಮ್ಮ ಉತ್ತರ: ಎರಡನೆಯದನ್ನು ಬೆಲ್ಲಕ್ಕೆ ಹಚ್ಚಲು ಮೊದಲನೆಯದೇ ಬಿಡುವುದಿಲ್ಲ, ತಿರುವುವುದನ್ನು ನಿಲ್ಲಿಸಬೇಡಿ ಅಂತ ಅದರಲ್ಲೇ ಬರೆದಿದೆ. ಜೊತೆಗೆ ತೇವದ ಪಟ್ಟಿ ತೋರಿಸಿದೆವು.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಗೌಡರು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು. ಅಧಿಕಾರಿ ಪಟ್ಟಿ ನೋಡಿ ಇಂಗ್ಲಿಷಿನಲ್ಲಿ ಕೇಳಿದರು, 25 ನಿಮಿಷಕ್ಕೇ ಯಾಕೆ ನಿಂತಿರಿ, 40ಕ್ಕೆ ಏನಾಯಿತು? ಪ್ರಶ್ನೆಯನ್ನು ಗೌಡರಿಗೆ ಕನ್ನಡದಲ್ಲಿ ಹೇಳಿದೆ. ಗೌಡರು ಕ್ಯಾಮೆರಾ ಕಡೆ ಬಗ್ಗಿದರು.

"ನಲ್ವತ್ ನಿಮ್ಸ ಬಿಟ್ರೆ ತೊಟ್ಟಿಗೆ ಹಾರೆ ಇಳಿಸ್ಬೇಕಾಯ್ತದೆ ಸಾ. ಇಳಿಸಿದ್ವಿ. ತೊಟ್ಟಿ ಒಡ್ದೋಯ್ತು."

ಅದನ್ನು ಇಂಗ್ಲಿಷಿಗೆ ಹೇಳುವಷ್ಟರಲ್ಲಿ ನನಗೇ ನಗು ಬಂತು. ವಿಚಾರಣೆಯ ನಂತರ ಲಿಖಿತ ಉತ್ತರಕ್ಕೆ 15 ದಿನ ಇರುತ್ತದೆ. ಅದರಲ್ಲಿ ಆ ಒಡೆದ ತೊಟ್ಟಿಯ ಸಾಲನ್ನೂ, ಅರ್ಜಿಯಲ್ಲಿ ಮೊದಲೇ ಇದ್ದ 40 ನಿಮಿಷದ ಪ್ರಯೋಗದ ಪುಟಸಂಖ್ಯೆಯನ್ನೂ ಬರೆದೆ. ಕ್ಲೇಮ್ 15ರಿಂದ 25 ನಿಮಿಷದ ಅಂಕಿಯೊಂದಿಗೇ ಮಂಜೂರಾಯಿತು.